ಜೆನೆವಿಯೇವ್: ಒಂದು ಫ್ರೆಂಚ್ ಸ್ತ್ರೀನಾಮದ ಚರಿತ್ರೆ

ಹೆಸರಿನ ಅರ್ಥ ತಿಳಿದರೆ ಅದು ಜನಪ್ರಿಯವಾದ ಕಾರಣವೂ ತಿಳಿದಂತೆಯೇ ಎಂದು ಭಾವಿಸುವವರುಂಟು. ಈ ಭಾವನೆ ಎಷ್ಟು ದುರ್ಬಲವೆಂಬುದಕ್ಕೆ ಫ್ರಾನ್ಸಿನ ಜೆನೆವಿಯೇವ್ ಎಂಬ ಹೆಸರನ್ನು ನಿದರ್ಶನವಾಗಿ ಕೊಡಬಹುದು. ಇದರ ಅರ್ಥ ಇನ್ನೂ ವಿವಾದಾಸ್ಪದ. ಪ್ರಚಾರಕ್ಕೆ ಕಾರಣವಾದರೋ ಸುಸ್ಪಷ್ಟ.

ಹೆಸರಿನ ಪ್ರಾಚೀನ ರೂಪ ಗೆನೊವೆಫಾ. ಪ್ಯಾರಿಸ್ ನಗರದ ರಕ್ಷಕಳೆಂದು ಪೂಜಿತಳಾದ ಸಂತಳ ಲ್ಯಾಟಿನ್ ಚರಿತ್ರೆಯಲ್ಲಿ ಈ ರೂಪವಿದೆ. ಆ ಗ್ರಂಥ ಸುಮಾರು 520ರಲ್ಲಿ ರಚಿತವಾಯಿತೆಂಬುದು ಬಹುಮಂದಿ ವಿದ್ವಾಂಸರ ಮತ. ಆಕೆಯ ತಂದೆ ಸೆವೆರಸ್, ತಾಯಿ ಗೆರೊಂಟಿಯಾ; ಮೊದಲನೆಯದು ಲ್ಯಾಟಿನ್, ಎರಡನೆಯದು ಗ್ರೀಕ್ ಮೂಲದ ಹೆಸರು. ಮಗಳ ಹೆಸರು ಮಾತ್ರ ಇವೆರಡಕ್ಕೂ ಸೇರದು. ಕುಲ ಎಂಬರ್ಥದ ‘ಕುನಿ’, ಸ್ತ್ರೀ ಎಂಬರ್ಥದ ‘ವೀಫ್’ ಎಂಬ ಜರ್ಮಾನಿಕ್ ಪದಗಳಿಂದ ಇದು ಬಂದಿತೆಂದು ಕೆಲವರೂ, ಪೂರ್ವಪದ ಗಾಲ್ ಜನರ ಕೆಲ್ಟಿಕ್ ನುಡಿಯ ‘ಗೆನೊಸ್’ ಎಂದು ಮತ್ತೆ ಕೆಲವರೂ ವಾದಿಸುತ್ತಾರೆ. ಮೊದಲ ಪಕ್ಷಕ್ಕೆ ಆದಿಯ ಗಕಾರವೇ ತೊಡಕು, ಜರ್ಮಾನಿಕ್‌ನಲ್ಲಿ ಅಲ್ಲಿ ಕಕಾರವಿರಬೇಕಾಗಿತ್ತು. ಎರಡನೆಯದಕ್ಕೆ ಅಂತ್ಯದ ಫಕಾರ ತೊಡಕು, ಅದು ಗಾಲ್ ನುಡಿಗೆ ಸಹಜವಲ್ಲ. ‘ಕುನಿ’, ‘ಗೆನೊಸ್’ ಎರಡೂ ಒಂದೇ ಮೂಲಧಾತುವಿನ ಸಂತಾನ. ಸಂಸ್ಕೃತದಿಂದ ನಾವು ಪಡೆದ ‘ಜನ’, ‘ಜನ್ಮ’ಗಳೂ ಅದೇ ವಂಶದವು. ಆದಕಾರಣ ಪೂರ್ವಪದದ ಅರ್ಥದಲ್ಲಿ ಹೆಚ್ಚಿನ ಭೇದವಿಲ್ಲ. ಉತ್ತರಪದವೇ ನಿಜವಾದ ಸಮಸ್ಯೆ. ಆರ್ಥರ್ ರಾಜನ ಕಥೆಗಳ ಗ್ವಿನೆವಿಯರ್ ಎಂಬ ಹೆಸರಿನೊಡನೆ ಇದನ್ನು ಸೇರಿಸುವುದು ಕೇವಲ ಧ್ವನಿಸಾಮ್ಯದ ಫಲ.

ಇಂತಹ ಅಸ್ಪಷ್ಟ ಪದವನ್ನು ತಾಯಿತಂದೆಗಳು ಶತಮಾನಗಳ ಕಾಲ ಏಕೆ ಆರಿಸಿದರು? 451ರಲ್ಲಿ ಹೂಣರ ಅಟ್ಟಿಲ ಸಮೀಪಿಸಿದಾಗ ಊರು ಬಿಟ್ಟೋಡಲು ಸಿದ್ಧರಾದವರನ್ನು ಆಕೆ ತಡೆದಳೆಂದೂ, ಮುಂದೆ ಫ್ರಾಂಕರು ನಗರವನ್ನು ಮುತ್ತಿದಾಗ ಸೇನ್ ನದಿಯ ಮೇಲೆ ದೋಣಿಗಳಲ್ಲಿ ಧಾನ್ಯ ತಂದಳೆಂದೂ ಚರಿತ್ರೆ ಹೇಳುತ್ತದೆ. ಪವಾಡಗಳನ್ನು ಬದಿಗಿಟ್ಟರೂ ಹಸಿದ ಊರಿಗೆ ಅನ್ನವಿತ್ತವಳ ನೆನಪು ಸಾಮಾನ್ಯವಾದುದಲ್ಲ. ಈ ಹೆಸರು ಬಾಳಿದುದು ಆ ನೆನಪಿನ ಬಲದಿಂದ ಎಂಬುದು ನಮ್ಮ ಅಭಿಪ್ರಾಯ.

15ನೆಯ ಲೂಯಿ 1744ರಲ್ಲಿ ಕಾಯಿಲೆ ಬಿದ್ದಾಗ ಹೊತ್ತ ಹರಕೆಯಂತೆ ಆಕೆಯ ಹೆಸರಿನಲ್ಲಿ ಭವ್ಯ ದೇವಾಲಯವೊಂದು ಎದ್ದಿತು. ಕ್ರಾಂತಿಕಾರರು 1791ರಲ್ಲಿ ಅದನ್ನು ರಾಷ್ಟ್ರದ ಮಹನೀಯರ ಸ್ಮಾರಕವಾದ ಪಾಂತೆಯೋನ್ ಆಗಿ ಮಾರ್ಪಡಿಸಿದರು. 1793ರಲ್ಲಿ ಆಕೆಯ ಅಸ್ಥಿಗಳನ್ನು ಸುಟ್ಟರು. ಆದರೂ ಹೆಸರು ಅಳಿಯಲಿಲ್ಲ. ಪಂಚಾಂಗಗಳಲ್ಲಿ ಬಳಕೆಯಲ್ಲಿದ್ದ ಹೆಸರುಗಳನ್ನೂ ಪುರಾತನ ಇತಿಹಾಸದ ಪ್ರಸಿದ್ಧರ ಹೆಸರುಗಳನ್ನೂ ಮಾತ್ರ ಶಿಶುಗಳಿಗೆ ಇಡಬಹುದೆಂದು 1803ರ ಶಾಸನ ವಿಧಿಸಿತು. ಜನವರಿ 3 ಸಂತಳ ಹಬ್ಬದ ದಿನವಾದ್ದರಿಂದ ಈ ಹೆಸರಿಗೆ ಅದರಿಂದ ಬಾಧಕವಾಗಲಿಲ್ಲ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಇದು ಬಹು ಬಳಕೆಯಲ್ಲಿತ್ತು. ಉತ್ತರಾರ್ಧದಲ್ಲಿ ಅಜ್ಜಿಯರ ಹೆಸರೆನಿಸಿಕೊಂಡಿತು. 1993ರ ಶಾಸನ ನಾಮಕರಣದ ಕಟ್ಟನ್ನು ಸಡಿಲಿಸುವ ಮೊದಲೇ ಈ ಇಳಿತ ಆರಂಭವಾಗಿತ್ತೆಂಬುದು ಗಮನಾರ್ಹ.

1920ರಲ್ಲಿ ಹುಟ್ಟಿ ಈ ಹೆಸರು ಪಡೆದವಳೊಬ್ಬಳು ಜನರಲ್ ದ ಗಾಲ್ ಅವರ ಸೋದರನ ಮಗಳು. ಜರ್ಮನರ ಆಕ್ರಮಣವನ್ನು ಪ್ರತಿಭಟಿಸಿ, ರಾವೆನ್ಸ್‌ಬ್ರುಕ್ ಸೆರೆಶಿಬಿರದಿಂದ ಬದುಕಿ ಬಂದು, ಮುಂದೆ ಬಡವರ ಸೇವೆಯಲ್ಲಿ ಆಯುಷ್ಯ ಕಳೆದ ಆಕೆಗೆ 2015ರಲ್ಲಿ ಪಾಂತೆಯೋನಿನ ಗೌರವ ಸಂದಿತು. ದೇಹ ಪತಿಯ ಸಮಾಧಿಯ ಬಳಿಯಲ್ಲೇ ಉಳಿಯಿತು. ಸಂತ ಜೆನೆವಿಯೇವಳ ಹಳೆಯ ದೇವಾಲಯಕ್ಕೆ ಬಂದ ಶವಪೆಟ್ಟಿಗೆಯಲ್ಲಿದ್ದುದು ಆ ಸಮಾಧಿಯ ಮಣ್ಣು.