ಅರಿವಿಗೆ ಲೆಕ್ಕವಿಟ್ಟವರು: ಕೆಲಸದ ಜಾಗದ ಜ್ಞಾನವನ್ನು ಅಳೆದ ಚರಿತ್ರೆ

ಕಾರ್ಖಾನೆಯ ಉಗ್ರಾಣದ ಮಾಲಿಗೆ ಲೆಕ್ಕವಿದೆ, ಯಂತ್ರದ ಸವಕಳಿಗೂ ಲೆಕ್ಕವಿದೆ. ಕೆಲಸಗಾರರ ತಲೆಯಲ್ಲಿರುವ, ಕೈಯಲ್ಲಿ ಪಳಗಿರುವ ತಿಳಿವಳಿಕೆಗೆ ಮಾತ್ರ ಇಪ್ಪತ್ತನೆಯ ಶತಮಾನದ ಬಹುಕಾಲ ಯಾವ ಲೆಡ್ಜರಿನಲ್ಲೂ ಪುಟವಿರಲಿಲ್ಲ. ಆ ಪುಟ ತೆರೆಯಲು ಹೊರಟವರ ಕತೆಯನ್ನು ಜೋಡಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಕೂಡಿಟ್ಟದ್ದನ್ನು ಎಣಿಸಿದಾಗಲೆಲ್ಲ ಅಳತೆ ದಾರಿ ತಪ್ಪಿದೆ, ಬಳಕೆಯನ್ನು ಹಿಂಬಾಲಿಸಿದಾಗ ಸ್ವಲ್ಪವಾದರೂ ಸತ್ಯ ಸಿಕ್ಕಿದೆ.

ಲೆಕ್ಕಶಾಸ್ತ್ರಜ್ಞರಾದ ಬರೂಚ್ ಲೆವ್ ಮತ್ತು ಆಬಾ ಶ್ವಾರ್ಟ್ಜ್ 1971ರಲ್ಲಿ ಒಂದು ಸೂತ್ರ ಕೊಟ್ಟರು. ನೌಕರ ನಿವೃತ್ತಿಯವರೆಗೆ ಗಳಿಸಬಹುದಾದ ಸಂಬಳವನ್ನು ಇಂದಿನ ಮೌಲ್ಯಕ್ಕೆ ಇಳಿಸಿದರೆ ಅದೇ ಅವನ ಮಾನವ ಬಂಡವಾಳ. ಬೆಂಗಳೂರಿನ ಇನ್ಫೋಸಿಸ್ ಇದೇ ಸೂತ್ರದಿಂದ ತನ್ನ ಸಿಬ್ಬಂದಿಯ ಮೌಲ್ಯವನ್ನು ವಾರ್ಷಿಕ ವರದಿಗಳಲ್ಲಿ ಪ್ರಕಟಿಸಿತು. ಆದರೆ ಸಂಬಳವೇ ಅಳತೆಗೋಲಾದಾಗ, ಕಲಿತದ್ದನ್ನು ಹತ್ತು ಮಂದಿಗೆ ಹೇಳಿಕೊಡುವವನಿಗೂ ತನ್ನಲ್ಲೇ ಬಚ್ಚಿಟ್ಟುಕೊಳ್ಳುವವನಿಗೂ ಒಂದೇ ಬೆಲೆ. ಸ್ವೀಡನ್ನಿನ ವಿಮಾ ಸಂಸ್ಥೆ ಸ್ಕಾಂಡಿಯಾ ಇನ್ನಷ್ಟು ಮುಂದೆ ಹೋಯಿತು. ಲೇಫ್ ಎಡ್ವಿನ್ಸನ್ ಮುಂದಾಳುತನದಲ್ಲಿ ಅದು 1994ರ ವಾರ್ಷಿಕ ವರದಿಗೆ ಬೌದ್ಧಿಕ ಬಂಡವಾಳದ ಪುರವಣಿಯನ್ನೇ ಸೇರಿಸಿ, ಹಣಕಾಸಿನ ಜೊತೆಗೆ ಗ್ರಾಹಕರು, ಕಾರ್ಯವಿಧಾನ, ಸಿಬ್ಬಂದಿ, ನವೀಕರಣಗಳಿಗೂ ಸೂಚಕಗಳನ್ನಿಟ್ಟಿತು. ಧೈರ್ಯದ ಕೆಲಸ. ಆದರೂ ತರಬೇತಿಗೆ ಎಷ್ಟು ಖರ್ಚಾಯಿತು ಎಂಬಂಥ ಸೂಚಕ ಹೇಳುವುದು ಖರ್ಚನ್ನು, ಕಲಿಕೆಯನ್ನಲ್ಲ.

ಜ್ಞಾನ ಹುಟ್ಟುವ ಬಗೆಯನ್ನೇ ಕೇಳಿದವರು ಜಪಾನಿನ ಇಕುಜಿರೊ ನೊನಾಕಾ. ಅವರ 1991ರ ಲೇಖನದಲ್ಲಿ ಮತ್ಸುಶಿತಾ ಕಂಪನಿಯ ಇಕುಕೊ ತನಾಕಾ ಬರುತ್ತಾರೆ. ಮನೆಬಳಕೆಯ ಬ್ರೆಡ್ ಯಂತ್ರ ಹಿಟ್ಟನ್ನು ಸರಿಯಾಗಿ ನಾದದಿದ್ದಾಗ ಆಕೆ ಒಸಾಕಾದ ಹೋಟೆಲೊಂದರ ಬೇಕರ್ ಬಳಿ ಶಿಷ್ಯೆಯಾಗಿ ನಿಂತು, ಆತ ಹಿಟ್ಟನ್ನು ಎಳೆಯುತ್ತ ತಿರುಚುವುದನ್ನು ಕಂಡುಕೊಂಡರು. ಕೈಗೆ ಗೊತ್ತಿದ್ದದ್ದು ಯಂತ್ರದ ವಿನ್ಯಾಸವಾಯಿತು.

ಜೆರಾಕ್ಸ್ ಕಂಪನಿಯ ರಿಪೇರಿಯವರ ಬೆನ್ನುಹತ್ತಿದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಇದನ್ನೇ ಇನ್ನೊಂದು ಬಗೆಯಲ್ಲಿ ಕಂಡರು. ಕೈಪಿಡಿ ಕೈಕೊಟ್ಟಲ್ಲಿ ಕೆಟ್ಟ ಯಂತ್ರಗಳ ಕತೆಗಳು ಅವರ ಕೈಹಿಡಿಯುತ್ತಿದ್ದವು. ಮುಂದೆ ಅಲ್ಲಿ ರೂಪುಗೊಂಡ ಯುರೇಕಾ ವ್ಯವಸ್ಥೆಯಲ್ಲಿ ಒಬ್ಬ ಬರೆದ ಉಪಾಯವನ್ನು ಸಹೋದ್ಯೋಗಿಗಳು ಪರೀಕ್ಷಿಸಿ ಒಪ್ಪಬೇಕು, ಒಪ್ಪಿದ ಮೇಲೆ ಅವನ ಹೆಸರಿನಲ್ಲೇ ಅದು ಎಲ್ಲರಿಗೂ ಸಿಗುತ್ತಿತ್ತು. ಹಣದ ಬಹುಮಾನ ಬೇಡವೆಂದವರು ರಿಪೇರಿಯವರೇ. ಹಣ ಬಂದರೆ ಉಪಾಯಗಳ ಸಂಖ್ಯೆ ನೋಡುತ್ತಾರೆ, ಗುಣ ನೋಡುವುದಿಲ್ಲ ಎಂಬುದು ಅವರ ಆತಂಕವಾಗಿತ್ತು. ಈ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ಮಾತು ನನಗೆ ಕಂಡಿಲ್ಲ.

ಆ ಆತಂಕ ನಿಜವಾದದ್ದು ನಮ್ಮ ಬೆಂಗಳೂರಿನಲ್ಲಿ. ಇನ್ಫೋಸಿಸ್ ತನ್ನ ‘ಕೆ-ಶಾಪ್’ ಎಂಬ ಜ್ಞಾನಭಂಡಾರಕ್ಕೆ ಬರೆಯುವವರಿಗೆಂದು 2001ರಲ್ಲಿ ‘ನಾಲೆಜ್ ಕರೆನ್ಸಿ ಯೂನಿಟ್’ ಎಂಬ ಅಂಕ ತಂದಿತು. ಬರಹ ಕೊಟ್ಟರೂ, ಬೇರೆಯವರದನ್ನು ಪರಿಶೀಲಿಸಿದರೂ ಅಂಕ. ಅಂಕ ಕೂಡಿದರೆ ಬಹುಮಾನ. ಬರಹಗಳು ಹೊಳೆಯಾಗಿ ಹರಿದು ಬಂದವು. ಪರಿಶೀಲಕರ ಮೇಲೆ ಹೊರೆ ಬಿತ್ತು, ಬೇಕಾದದ್ದನ್ನು ಹುಡುಕುವುದು ಕಷ್ಟವಾಯಿತು, ಗೆಳೆಯರ ಬರಹಕ್ಕೆ ಧಾರಾಳವಾಗಿ ಅಂಕ ಕೊಡುವುದೂ ನಡೆಯಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರ ಅಧ್ಯಯನದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಒಳ್ಳೆಯ ಚಕ್ರವೇ ವಿಷಚಕ್ರವಾಗಿ ತಿರುಗುವ ಬಗೆ ಅವರ ವಿಷಯ. ಕಂಪನಿ ತನ್ನ ತಪ್ಪನ್ನು ಬೇಗನೆ ಗುರುತಿಸಿತು ಎಂಬುದನ್ನೂ ಹೇಳಬೇಕು. 2002ರ ಹೊತ್ತಿಗೆ ಅಂಕದ ಲೆಕ್ಕ ಬದಲಾಗಿ, ಬರಹದಿಂದ ಬಳಸಿದವನಿಗೆ ಏನು ಉಪಯೋಗವಾಯಿತು ಎಂಬುದಕ್ಕೆ ತೂಕ ಬಂತು.

ಬಳಕೆಯ ಈ ಅಂಕವೂ ಭಂಡಾರಕ್ಕೆ ಬಂದ ಬರಹಗಳನ್ನಷ್ಟೇ ಮುಟ್ಟುತ್ತದೆ. ಪಕ್ಕದ ಮೇಜಿನವರನ್ನು ಕೇಳಿ ಎರಡು ನಿಮಿಷದಲ್ಲಿ ಬಿಡಿಸಿಕೊಂಡ ತೊಡಕು ಅದರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಿಳಿಯಬೇಕಾದರೆ ರಿಪೇರಿಯವರ ಜೊತೆ ಆರ್ ಕೂತಂತೆ ಯಾರಾದರೂ ಕೂತು, ಅವರ ಮಾತು ಕೇಳಿಸಿಕೊಳ್ಳಬೇಕು.