ಗುಳ್ಳೆಯೊಳಗಿನ ಅನಿಲ: ಪಾಲಿಮರ್ ಫೋಮ್ ಸಂಶೋಧನೆಯ ಚರಿತ್ರೆಯ ಒಂದು ಮರುಓದು

ಪಾಲಿಮರ್ ಫೋಮ್‌ಗಳ ಚರಿತ್ರೆ ಬರೆದವರೆಲ್ಲ ಅದನ್ನು ಪಾಲಿಮರ್‌ಗಳ ಹೆಸರಿನಲ್ಲೇ ಭಾಗ ಮಾಡಿದ್ದಾರೆ. ಮೊದಲು ರಬ್ಬರ್, ಆಮೇಲೆ ಪಾಲಿಸ್ಟೈರೀನ್, ನಂತರ ಪಾಲಿಯುರೆಥೇನ್, ಈಚೆಗೆ ಗಿಡಮರಗಳಿಂದ ಬಂದ ಹೊಸ ರಾಳಗಳು. ಪೇಟೆಂಟುಗಳ ವರ್ಗೀಕರಣವೂ ಕಾರ್ಖಾನೆಗಳ ಕಡತಗಳೂ ಹಾಗೇ ಇರುವುದರಿಂದ ಈ ದಾರಿ ಸಲೀಸು. ಆದರೆ ಫ್ರಿಜ್ಜಿನ ಗೋಡೆಯೊಳಗೆ ತುಂಬಿದ ಫೋಮ್‌ನಲ್ಲಿ ಪಾಲಿಮರ್ ಇರುವುದು ಗಾತ್ರದ ಲೆಕ್ಕದಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು, ಪೆಟ್ಟಿಗೆಯೊಳಗೆ ಟಿ.ವಿ.ಯನ್ನು ಕಾಯುವ ಥರ್ಮಾಕೋಲಿನಲ್ಲಿ ಇನ್ನೂ ಕಡಿಮೆ. ಉಳಿದದ್ದೆಲ್ಲ ಅನಿಲ. ಆ ಅನಿಲ ಯಾವುದು, ಎಲ್ಲಿಂದ ಬಂತು, ಗುಳ್ಳೆಯಲ್ಲಿ ಎಷ್ಟು ಕಾಲ ಉಳಿಯುತ್ತದೆ, ಹೊರಬಿದ್ದ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆಗಳೇ ಕಳೆದ ಐವತ್ತು ವರ್ಷ ಈ ಕ್ಷೇತ್ರವನ್ನು ಓಡಿಸಿವೆ. ಚರಿತ್ರೆಯನ್ನು ಆ ಕಡೆಯಿಂದ ಓದಿದರೆ ತಿರುವುಗಳು ಬೇರೆಯೇ ಜಾಗಗಳಲ್ಲಿ ಕಾಣುತ್ತವೆ ಎಂಬುದು ಈ ಲೇಖನದ ವಾದ.

ಕಡೆದದ್ದು, ಉಬ್ಬಿದ್ದು

1929ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಡನ್‌ಲಪ್ ಪ್ರಯೋಗಾಲಯದಲ್ಲಿ ಇ. ಎ. ಮರ್ಫಿ ಮತ್ತು ಸಂಗಡಿಗರು ರಬ್ಬರ್ ಹಾಲನ್ನು ಕೇಕ್ ಹಿಟ್ಟು ಕಡೆಯುವ ಯಂತ್ರದಲ್ಲಿ ಕಡೆದು ನೊರೆ ಎಬ್ಬಿಸಿದರು. ನೊರೆ ಎಬ್ಬಿಸುವುದು ಸುಲಭ, ಅದನ್ನು ಇಳಿಯದಂತೆ ಹಿಡಿದು ನಿಲ್ಲಿಸುವುದು ಕಷ್ಟ. ಸೋಡಿಯಂ ಸಿಲಿಕೋಫ್ಲೋರೈಡ್ ಬೆರೆಸಿದರೆ ರಬ್ಬರ್ ಹಾಲು ತುಸು ತಡೆದು ಹೆಪ್ಪುಗಟ್ಟುತ್ತದೆ. ಆ ತಡೆಯುವ ಅವಧಿಯಲ್ಲಿ ನೊರೆಯನ್ನು ಅಚ್ಚಿಗೆ ಸುರಿದು ಬೇಯಿಸಬಹುದು. ಡನ್‌ಲಪಿಲೋ ಹಾಸಿಗೆ ಹುಟ್ಟಿದ್ದು ಹೀಗೆ. ಇದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಗಾಳಿ ಒಳಗೂ ಹೊರಗೂ ಓಡಾಡುತ್ತದೆ. ಒಳಗಿರುವುದು ಯಾವ ಅನಿಲ ಎಂಬ ಪ್ರಶ್ನೆಗೆ ಇಲ್ಲಿ ಜಾಗವೇ ಇರಲಿಲ್ಲ.

ಆ ಪ್ರಶ್ನೆ ಎದ್ದದ್ದು ಶಾಖ ತಡೆಯುವ ಕೆಲಸಕ್ಕೆ ಫೋಮ್ ಬೇಕಾದಾಗ. ಸ್ವೀಡನ್ನಿನ ಕಾರ್ಲ್ ಮುಂಟರ್ಸ್, ಯಾನ್ ಟಾಂಡ್‌ಬರ್ಗ್ ಜೊತೆಗೂಡಿ 1931ರಲ್ಲಿ ಪಾಲಿಸ್ಟೈರೀನ್ ಫೋಮ್‌ಗೆ ಪೇಟೆಂಟ್ ಅರ್ಜಿ ಹಾಕಿದ. ಬಾಲ್ಟ್ಸರ್ ಫಾನ್ ಪ್ಲಾಟೆನ್ ಎಂಬ ಸಹಪಾಠಿಯೊಂದಿಗೆ ಮೋಟಾರಿಲ್ಲದ ಫ್ರಿಜ್ಜನ್ನು ಕಂಡುಹಿಡಿದವನೂ ಇದೇ ಮುಂಟರ್ಸ್. ತಣ್ಣನೆಯ ಪೆಟ್ಟಿಗೆ ಮಾಡಿದವನಿಗೆ ಅದರ ಗೋಡೆಯ ಚಿಂತೆ ಬರದೆ ಇರುತ್ತದೆಯೇ? ಹತ್ತು ವರ್ಷದ ನಂತರ ಅಮೆರಿಕದ ಡೌ ಕಂಪನಿಯಲ್ಲಿ ರೇ ಮ್ಯಾಕಿಂಟೈರ್ ವಿದ್ಯುತ್ ತಂತಿಗೆ ರಬ್ಬರಿನಂಥ ಹೊದಿಕೆ ಮಾಡಲು ಹೊರಟು ಸ್ಟೈರೀನ್ ಜೊತೆ ಐಸೊಬ್ಯುಟಿಲೀನ್ ಅನಿಲವನ್ನು ಒತ್ತಡದಲ್ಲಿ ಬೆರೆಸಿದ. ಸಿಕ್ಕಿದ್ದು ರಬ್ಬರಲ್ಲ, ಹಗುರವಾದ ಗಟ್ಟಿ ನೊರೆ. ಡೌ ಮುಂಟರ್ಸನ ಪೇಟೆಂಟಿನ ಹಕ್ಕು ಪಡೆಯಿತು. ಯುದ್ಧಕಾಲದಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇದನ್ನು ಜೀವರಕ್ಷಕ ತೆಪ್ಪಕ್ಕೆ ಬಳಸಿತು. ನಮ್ಮ ಥರ್ಮಾಕೋಲಿನ ನೇರ ಪೂರ್ವಜ ಮಾತ್ರ ಇದಲ್ಲ. ಅದು ಜರ್ಮನಿಯ ಬಿಎಎಸ್‌ಎಫ್‌ನಲ್ಲಿ ಫ್ರಿಟ್ಸ್ ಸ್ಟಾಸ್ಟ್ನಿ 1950ರ ಆಸುಪಾಸಿನಲ್ಲಿ ರೂಪಿಸಿದ, ಪೆಂಟೇನ್ ಹೀರಿಸಿದ ಪಾಲಿಸ್ಟೈರೀನ್ ಮಣಿ. ಉಗಿ ತಾಗಿದರೆ ಮಣಿಯೊಳಗಿನ ಪೆಂಟೇನ್ ಕುದಿದು ಮಣಿ ಅರಳುತ್ತದೆ, ಅರಳಿದ ಮಣಿಗಳು ಅಚ್ಚಿನಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪೆಂಟೇನ್ ಕೆಲವೇ ದಿನಗಳಲ್ಲಿ ಬಹುಮಟ್ಟಿಗೆ ಹೊರಹೋಗಿ ಅದರ ಜಾಗಕ್ಕೆ ಗಾಳಿ ಬರುತ್ತದೆ.

ಪಾಲಿಯುರೆಥೇನ್‌ನದು ಇನ್ನೊಂದು ಬಗೆ. ಲೆವರ್‌ಕೂಸೆನ್‌ನಲ್ಲಿ ಓಟೋ ಬಾಯರ್ 1937ರಲ್ಲಿ ಐಸೊಸಯನೇಟ್ ಮತ್ತು ಪಾಲಿಯಾಲ್ ಸೇರಿಸಿ ಈ ಪಾಲಿಮರ್ ಮಾಡಿದ. ಆರಂಭದ ಅಚ್ಚುಗಳಲ್ಲಿ ಗುಳ್ಳೆ ಬಂದು ಮಾಲು ಹಾಳಾಗುತ್ತಿತ್ತು. ಎಮೆಂಟಾಲ್ ಚೀಸಿನ ನಕಲು ಮಾಡಲಷ್ಟೇ ಇದು ಲಾಯಕ್ಕು ಎಂದು ಯಾರೋ ಲೇವಡಿ ಮಾಡಿದ ಕಥೆ ಈ ಕ್ಷೇತ್ರದವರ ಬಾಯಲ್ಲಿ ಇಂದಿಗೂ ಇದೆ. ಕಾರಣ ಸರಳ: ಐಸೊಸಯನೇಟ್‌ಗೆ ನೀರು ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ದೋಷವನ್ನೇ ಬೇಕೆಂದು ಮಾಡಿದಾಗ ಫೋಮ್ ಆಯಿತು. ಇಡ್ಲಿ ಹಿಟ್ಟಿನಲ್ಲಿ ಹೇಗೋ ಹಾಗೆ ಇಲ್ಲೂ ಎರಡು ಕೆಲಸ ಒಟ್ಟಿಗೆ ನಡೆಯಬೇಕು: ಅನಿಲ ಹುಟ್ಟಬೇಕು, ಅದನ್ನು ಹಿಡಿದಿಡುವಷ್ಟು ಹಿಟ್ಟು ಗಟ್ಟಿಯಾಗಿರಬೇಕು. ಒಂದು ಮುಂದಾದರೆ ಕುಸಿತ, ಇನ್ನೊಂದು ಮುಂದಾದರೆ ಬಿರುಕು. 1950ರ ದಶಕದ ಸಂಶೋಧನೆಯ ಬಹುಭಾಗ ಈ ಎರಡರ ವೇಗವನ್ನು ಹೊಂದಿಸುವುದರಲ್ಲೇ ಕಳೆಯಿತು. ಅಮೈನ್ ವೇಗವರ್ಧಕಗಳು, ಗುಳ್ಳೆಯ ಪೊರೆ ಹರಿಯದಂತೆ ಕಾಯುವ ಸಿಲಿಕೋನ್, ಅಗ್ಗದ ಪಾಲಿಈಥರ್ ಪಾಲಿಯಾಲ್ ಈ ಮೂರೂ ಕೂಡಿಬಂದ ಮೇಲೆ ಎಲ್ಲವನ್ನೂ ಒಂದೇ ಸಲ ಬೆರೆಸಿ ಸುರಿಯುವ ವಿಧಾನ ದಶಕದ ಕೊನೆಯ ಹೊತ್ತಿಗೆ ನೆಲೆಗೊಂಡಿತು. ಸೋಫಾ, ಕಾರಿನ ಸೀಟು, ಹಾಸಿಗೆ ಎಲ್ಲ ಅಲ್ಲಿಂದ ಬಂದವು.

ಈ ಘಟನೆಗಳನ್ನೆಲ್ಲ 'ಆಕಸ್ಮಿಕ ಸಂಶೋಧನೆ' ಎಂದು ಕರೆಯುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಗುಳ್ಳೆ ಯಾರ ಪ್ರಯೋಗಾಲಯದಲ್ಲಾದರೂ ಬರುತ್ತದೆ. ಅದನ್ನು ಚೆಲ್ಲದೆ ಉಳಿಸಿಕೊಳ್ಳಲು ಫ್ರಿಜ್ಜೋ ತೆಪ್ಪವೋ ಯುದ್ಧವೋ ಕಾದಿರಬೇಕು.

ಒಳ್ಳೆಯ ಅನಿಲದ ಕಾಲ

ಗಟ್ಟಿ ಪಾಲಿಯುರೆಥೇನ್ ಫೋಮ್‌ನ ಗುಳ್ಳೆಗಳು ಮುಚ್ಚಿದಂಥವು. ಒಳಗಿನ ಅನಿಲ ಅಲ್ಲೇ ಉಳಿಯುತ್ತದೆ, ಶಾಖ ಸಾಗುವುದೂ ಬಹುಪಾಲು ಆ ಅನಿಲದ ಮೂಲಕವೇ. ಹಾಗಾದರೆ ಶಾಖವನ್ನು ಕಡಿಮೆ ಸಾಗಿಸುವ ಅನಿಲವನ್ನೇ ಏಕೆ ತುಂಬಬಾರದು? 1928ರಲ್ಲಿ ಥಾಮಸ್ ಮಿಜ್ಲಿಯ ತಂಡ ಫ್ರಿಜ್ಜಿಗಾಗಿ ಮುಂದಿಟ್ಟ ಕ್ಲೋರೋಫ್ಲೋರೋಕಾರ್ಬನ್‌ಗಳ ಕುಟುಂಬದಲ್ಲಿ ಸಿಎಫ್‌ಸಿ-11 ಎಂಬುದು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಶಾಖವಾಹಕತೆ ಗಾಳಿಯ ಮೂರನೇ ಒಂದು ಭಾಗ. ಕುದಿಯುವುದು 24 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಡ್ರಮ್ಮಿನಲ್ಲಿ ದ್ರವವಾಗಿ ಇಡಬಹುದು, ರಾಸಾಯನಿಕ ಕ್ರಿಯೆಯ ಬಿಸಿಯಲ್ಲಿ ತಾನಾಗಿ ಅನಿಲವಾಗುತ್ತದೆ, ಕುದಿಯುತ್ತಲೇ ಆ ಬಿಸಿಯನ್ನು ಹೀರಿ ಫೋಮ್‌ನ ಒಡಲು ಕರಿಕಾಗದಂತೆ ನೋಡಿಕೊಳ್ಳುತ್ತದೆ. ಬೆಂಕಿ ಹಿಡಿಯದು, ವಿಷದ ಭಯ ಕಡಿಮೆ. ಫ್ರಿಜ್ಜಿನ ಗೋಡೆ ತೆಳುವಾಯಿತು, ಒಳಗೆ ಜಾಗ ಹೆಚ್ಚಿತು. 1960ರ ದಶಕದಿಂದ ಎರಡು ದಶಕ ಕಾಲ ಗಟ್ಟಿ ಫೋಮ್‌ನ ಸಂಶೋಧನೆ ಎಂದರೆ ಈ ಒಂದು ಅನಿಲವನ್ನು ಇದ್ದಂತೆ ಒಪ್ಪಿಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸುವ ಕೆಲಸವಾಗಿತ್ತು.

ಅನಿಲದ ಬಗ್ಗೆ ತಲೆ ಕೆಡಿಸಿಕೊಳ್ಳದ ಇನ್ನೊಂದು ಪರಂಪರೆ ಸಮಾನಾಂತರವಾಗಿ ಬೆಳೆಯುತ್ತಿತ್ತು, ಅದು ಆಕಾರದ್ದು. ಸಾಬೂನಿನ ಪೊರೆಗಳು ಯಾವ ಕೋನದಲ್ಲಿ ಕೂಡುತ್ತವೆ ಎಂಬ ನಿಯಮಗಳನ್ನು ಬೆಲ್ಜಿಯಂನ ಪ್ಲಾಟೋ 1873ರಲ್ಲಿ ಬರೆದಿದ್ದ. ಸಮಗಾತ್ರದ ಕೋಶಗಳಿಂದ ಜಾಗ ತುಂಬಲು ಅತಿ ಕಡಿಮೆ ಪೊರೆ ಸಾಕಾಗುವ ಆಕಾರ ಯಾವುದು ಎಂದು 1887ರಲ್ಲಿ ಕೇಳಿದ ಕೆಲ್ವಿನ್, ಹದಿನಾಲ್ಕು ಮುಖಗಳ ಒಂದು ಆಕೃತಿಯನ್ನು ಸೂಚಿಸಿದ. ಅಮೆರಿಕದ ಸಸ್ಯವಿಜ್ಞಾನಿ ಎಡ್ವಿನ್ ಮಾಟ್ಸ್‌ಕೆ 600 ಗುಳ್ಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ 1946ರಲ್ಲಿ ಪ್ರಕಟಿಸಿದಾಗ, ಒಂದೇ ಒಂದು ಗುಳ್ಳೆಯೂ ಕೆಲ್ವಿನ್ ಹೇಳಿದ ಆಕಾರದಲ್ಲಿರಲಿಲ್ಲ; ಸರಾಸರಿ ಮುಖಗಳ ಸಂಖ್ಯೆ 13.7. 1994ರಲ್ಲಿ ಡಬ್ಲಿನ್‌ನ ಡೆನಿಸ್ ವೇರ್ ಮತ್ತು ರಾಬರ್ಟ್ ಫೇಲನ್ ಕಂಪ್ಯೂಟರಿನ ನೆರವಿನಿಂದ ಕೆಲ್ವಿನ್‌ನದಕ್ಕಿಂತ ಶೇ. 0.3ರಷ್ಟು ಕಡಿಮೆ ಪೊರೆ ಬೇಕಾದ ರಚನೆ ತೋರಿಸಿದರು. ಬೀಜಿಂಗ್ ಒಲಿಂಪಿಕ್ಸ್‌ನ ಈಜುಕೊಳದ ಕಟ್ಟಡ ಆ ರಚನೆಯ ಮೇಲೆಯೇ ನಿಂತಿದೆ.

ಎಂಜಿನಿಯರುಗಳಿಗೆ ಹೆಚ್ಚು ದಕ್ಕಿದ್ದು ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್‌ಬಿ 1982ರಲ್ಲಿ ಕೊಟ್ಟ ಸರಳ ಸೂತ್ರ. ತೆರೆದ ಗುಳ್ಳೆಯ ಫೋಮ್ ಒತ್ತಿದಾಗ ಅದರ ಸಣ್ಣ ಕಂಬಗಳು ಬಾಗುತ್ತವೆ. ಆದ್ದರಿಂದ ಬಿಗಿತ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಾಂದ್ರತೆ ಹತ್ತನೇ ಒಂದಕ್ಕೆ ಇಳಿದರೆ ಬಿಗಿತ ನೂರನೇ ಒಂದಕ್ಕೆ. 1988ರಲ್ಲಿ ಬಂದ ಅವರ ಪುಸ್ತಕ ಮರ, ಮೂಳೆ, ಬೆಂಡು, ಫೋಮ್ ಎಲ್ಲವನ್ನೂ ಒಂದೇ ಕುಲದವು ಎಂದು ಕಾಣಲು ಕಲಿಸಿತು. 1987ರಲ್ಲಿ ರಾಡರಿಕ್ ಲೇಕ್ಸ್ ಸಾಮಾನ್ಯ ಪಾಲಿಯುರೆಥೇನ್ ಸ್ಪಂಜನ್ನು ಮೂರು ದಿಕ್ಕಿನಿಂದಲೂ ಅಮುಕಿ ಕಾಯಿಸಿ, ಎಳೆದರೆ ಅಡ್ಡಕ್ಕೂ ಹಿಗ್ಗುವ ಫೋಮ್ ಮಾಡಿ ತೋರಿಸಿದ. ಇದೆಲ್ಲ ಚೆಂದದ ವಿಜ್ಞಾನ. ಆದರೆ ಈ ಬರಹಗಳಲ್ಲಿ ಗುಳ್ಳೆಯ ಒಳಗು ಬಹುಮಟ್ಟಿಗೆ ಖಾಲಿ.

ಓಝೋನ್, ಕಾನೂನು, ಕೈಕೆಲಸ

1974ರಲ್ಲಿ ಮಾರಿಯೋ ಮೊಲೀನಾ ಮತ್ತು ಶೆರ್ವುಡ್ ರೌಲೆಂಡ್ ಸಿಎಫ್‌ಸಿಗಳು ವಾಯುಮಂಡಲದ ಮೇಲ್ಪದರದಲ್ಲಿ ಒಡೆದು ಓಝೋನನ್ನು ತಿನ್ನುತ್ತವೆ ಎಂದು ಬರೆದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೂತು ಕಂಡಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಪಾಲಿಮರ್ ಫೋಮ್ ಸಂಶೋಧನೆಯ ನಿಜವಾದ ಕಾಲವಿಭಜಕ ರೇಖೆ ಇದೇ ಎನ್ನುತ್ತೇನೆ. ಹೊಸ ರಾಳವೊಂದು ಬಂದಾಗ ಹಳೆಯದು ಪಕ್ಕದಲ್ಲಿ ಉಳಿದುಕೊಳ್ಳುತ್ತಿತ್ತು. ಅನಿಲಕ್ಕೆ ನಿಷೇಧ ಬಿದ್ದಾಗ ಎಲ್ಲರ ಪಾಕವೂ ಒಟ್ಟಿಗೆ ಬದಲಾಗಬೇಕಾಯಿತು. ಪಾಲಿಯಾಲ್, ಸಿಲಿಕೋನ್, ವೇಗವರ್ಧಕ, ಸುರಿಯುವ ಯಂತ್ರ ಎಲ್ಲವೂ ಸಿಎಫ್‌ಸಿ-11ಕ್ಕೆ ಹೊಂದಿದ್ದವಲ್ಲ!

ಮೊದಲ ಬದಲಿ ಎಚ್‌ಸಿಎಫ್‌ಸಿ-141ಬಿ, ಓಝೋನ್ ಹಾನಿ ಸುಮಾರು ಹತ್ತನೇ ಒಂದು. ಅದೂ ತಾತ್ಕಾಲಿಕ ಎಂದು ಎಲ್ಲರಿಗೂ ಗೊತ್ತಿತ್ತು. ಯುರೋಪಿನ ಫ್ರಿಜ್ ತಯಾರಕರು 1990ರ ದಶಕದ ಆರಂಭದಲ್ಲೇ ಸೈಕ್ಲೋಪೆಂಟೇನ್‌ಗೆ ತಿರುಗಿದರು. ಬೆಂಕಿಗೆ ಅಂಜಿ ಕಾರ್ಖಾನೆಯ ವಾತಾಯನವನ್ನೇ ಮತ್ತೆ ಕಟ್ಟಬೇಕಾಯಿತು. ಭಾರತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತು, 2008ರ ಹೊತ್ತಿಗೆ ಸಿಎಫ್‌ಸಿ ತಯಾರಿಕೆಯನ್ನು ಔಷಧ ಬಳಕೆಯ ವಿನಾಯಿತಿಯ ಹೊರತು ನಿಲ್ಲಿಸಿತು, 2020ರ ಆರಂಭಕ್ಕೆ 141ಬಿ ಬಳಕೆಗೂ ತೆರೆ ಎಳೆಯಿತು. ಇಲ್ಲಿ ಕಷ್ಟ ಬಿದ್ದದ್ದು ದೊಡ್ಡ ಫ್ರಿಜ್ ಕಂಪನಿಗಳಲ್ಲ, ಡ್ರಮ್ಮಿನಲ್ಲಿ ಕೊಂಡು ಕೈಯಲ್ಲಿ ಬೆರೆಸುವ ಸಣ್ಣ ಘಟಕಗಳು. ಸೈಕ್ಲೋಪೆಂಟೇನ್‌ಗೆ ಬೇಕಾದ ಬೆಂಕಿ ರಕ್ಷಣೆಯ ವ್ಯವಸ್ಥೆ ಅವರ ಬಂಡವಾಳಕ್ಕೆ ಎಟುಕುವುದಿಲ್ಲ. ನಂತರದ ಬದಲಿಯಾಗಿ ಬಂದ ಎಚ್‌ಎಫ್‌ಸಿಗಳು ಓಝೋನನ್ನು ಮುಟ್ಟದಿದ್ದರೂ ಭೂಮಿಯನ್ನು ಕಾಯಿಸುತ್ತವೆ ಎಂದು 2016ರ ಕಿಗಾಲಿ ತಿದ್ದುಪಡಿ ಅವುಗಳಿಗೂ ಕತ್ತರಿ ಹಾಕಿತು. ಈಗ ಹೈಡ್ರೋಫ್ಲೋರೋಒಲಿಫಿನ್‌ಗಳ ಸರದಿ. ಅವು ವಾತಾವರಣದಲ್ಲಿ ಬೇಗ ಒಡೆಯುತ್ತವೆ, ಆದರೆ ಆ ಗುಣದಿಂದಲೇ ಡ್ರಮ್ಮಿನೊಳಗೆ ಅಮೈನ್ ಜೊತೆ ಸೇರಿ ಕೆಡುವುದೂ ಉಂಟು. ಹೀಗಾಗಿ ವೇಗವರ್ಧಕಗಳ ಸಂಶೋಧನೆ ಮತ್ತೆ ಮೊದಲಿನಿಂದ ಶುರುವಾಗಿದೆ.

ಸೂತ್ರ ಬದಲಾದಾಗ ದೂರು ಅನಿಲದ ಮೇಲೆ ಬೀಳುವುದೂ ಇದೆ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿದ 82ನೇ ಸೆಕೆಂಡಿನಲ್ಲಿ ಹೊರ ಇಂಧನ ತೊಟ್ಟಿಯಿಂದ ಮುಕ್ಕಾಲು ಕಿಲೋ ತೂಕದ ಫೋಮ್ ತುಂಡೊಂದು ಕಿತ್ತು ಎಡರೆಕ್ಕೆಗೆ ಬಡಿಯಿತು. ಫೆಬ್ರವರಿ 1ರಂದು ಮರಳುವಾಗ ಆ ಗಾಯದ ಮೂಲಕ ಬಿಸಿ ಅನಿಲ ನುಗ್ಗಿ ನೌಕೆ ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಸತ್ತರು. ಪರಿಸರವಾದಿಗಳ ಒತ್ತಾಯಕ್ಕೆ ಸಿಎಫ್‌ಸಿ ಬಿಟ್ಟದ್ದೇ ಕಾರಣ ಎಂದು ಕೆಲವರು ಕೂಗಿದರು. ಆದರೆ ತನಿಖಾ ಮಂಡಳಿಯ ವರದಿ ಓದಿದರೆ, ಕಿತ್ತುಹೋದ ಭಾಗ ವಿನಾಯಿತಿ ಪಡೆದು ಸಿಎಫ್‌ಸಿ-11ರಿಂದಲೇ ಮಾಡಿದ ಹಳೆಯ ಪಾಲಿಯುರೆಥೇನ್ ಎಂದು ತಿಳಿಯುತ್ತದೆ. ಅದನ್ನು ಕೈಯಿಂದ ಸಿಂಪಡಿಸಿ, ಕೈಯಿಂದಲೇ ಕೆತ್ತಿ ಆಕಾರ ಕೊಡುತ್ತಿದ್ದರು. ಅಂಥದೇ ಬೇರೆ ಭಾಗಗಳನ್ನು ಕತ್ತರಿಸಿ ನೋಡಿದಾಗ ಪದರಗಳ ನಡುವೆ ಪೊಳ್ಳುಗಳು ಸಿಕ್ಕವು. ಗುಳ್ಳೆಗಳ ಬಗ್ಗೆ ಅಷ್ಟೆಲ್ಲ ಗಣಿತ ಬರೆದಿದ್ದರೂ, ಕೈಯಿಂದ ಸಿಂಪಡಿಸಿದ ಫೋಮ್‌ನ ಒಳಗನ್ನು ಮುರಿಯದೆ ಪರೀಕ್ಷಿಸುವ ನಂಬಲರ್ಹ ದಾರಿ ಆಗ ಇರಲಿಲ್ಲ.

2018ರಲ್ಲಿ ಅಮೆರಿಕದ ಸ್ಟೀವನ್ ಮಾಂಟ್ಸ್‌ಕಾ ಮತ್ತು ಸಂಗಡಿಗರು, ವಾತಾವರಣದಲ್ಲಿ ಸಿಎಫ್‌ಸಿ-11 ಇಳಿಯಬೇಕಾದಷ್ಟು ವೇಗವಾಗಿ ಇಳಿಯುತ್ತಿಲ್ಲ, ಯಾರೋ ಹೊಸದಾಗಿ ಮಾಡುತ್ತಿದ್ದಾರೆ ಎಂದು ವರದಿ ಮಾಡಿದರು. ಮರುವರ್ಷ ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿನ ಅಳತೆಗಳು ಆ ಹೆಚ್ಚಳದ ದೊಡ್ಡ ಭಾಗ ಪೂರ್ವ ಚೀನಾದಿಂದ, ಮುಖ್ಯವಾಗಿ ಶಾನ್‌ಡಾಂಗ್ ಮತ್ತು ಹೆಬೈ ಪ್ರಾಂತಗಳ ಕಡೆಯಿಂದ, ವರ್ಷಕ್ಕೆ ಸುಮಾರು 7,000 ಟನ್‌ನಷ್ಟು ಬರುತ್ತಿದೆ ಎಂದು ತೋರಿಸಿದವು. ಅನುಮಾನ ಬಿದ್ದದ್ದು ಕಟ್ಟಡಗಳ ಫೋಮ್ ಮೇಲೆ. ನಂತರದ ಅಳತೆಗಳಲ್ಲಿ ಹೊರಸೂಸುವಿಕೆ ಮತ್ತೆ ಇಳಿಯಿತು. ವಸ್ತುವಿಜ್ಞಾನದ ಪತ್ರಿಕೆಗಳಲ್ಲಿ ಈ ಪ್ರಕರಣ ಅಷ್ಟಾಗಿ ಚರ್ಚೆಯಾಗದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಹಳೆಯ ಪಾಕ ಎಷ್ಟು ಒಳ್ಳೆಯದಿತ್ತು, ಎಷ್ಟು ಅಗ್ಗವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಗುಳ್ಳೆ ಸಣ್ಣದಾದಂತೆ

ನಿಷೇಧಗಳಿಗೂ ಮುಂಚೆಯೇ ಒಂದು ಪ್ರತ್ಯೇಕ ಧಾರೆ ಎಂಐಟಿಯಲ್ಲಿ ಶುರುವಾಗಿತ್ತು. ಬಲ ಕಳೆದುಕೊಳ್ಳದೆ ಪ್ಲಾಸ್ಟಿಕ್ ಉಳಿಸುವುದು ಹೇಗೆ ಎಂದು ಕೈಗಾರಿಕೆಗಳು ಕೇಳಿದಾಗ, ನಾಮ್ ಸೂ ಮತ್ತು ಜೇನ್ ಮಾರ್ಟಿನಿ 1980ರ ಆಸುಪಾಸಿನಲ್ಲಿ ಕೊಟ್ಟ ಉತ್ತರ: ಪ್ಲಾಸ್ಟಿಕ್‌ನಲ್ಲಿ ಹುಟ್ಟಿನಿಂದಲೇ ಇರುವ ಬಿರುಕುಗಳಿಗಿಂತ ಗುಳ್ಳೆ ಸಣ್ಣದಾದರೆ ಅದು ಬಲ ತಗ್ಗಿಸದು. ಒತ್ತಡದಲ್ಲಿ ಪಾಲಿಮರ್‌ಗೆ ಅನಿಲ ಕುಡಿಸಿ, ಒತ್ತಡವನ್ನು ದಿಢೀರನೆ ಇಳಿಸಿದರೆ ಅಸಂಖ್ಯ ಗುಳ್ಳೆಗಳು ಒಟ್ಟಿಗೆ ಹುಟ್ಟುತ್ತವೆ, ಒಂದೊಂದೂ ಹತ್ತು ಮೈಕ್ರಾನ್ ಆಸುಪಾಸು. ಬಳಸಿದ್ದು ಸಾರಜನಕ ಅಥವಾ ಇಂಗಾಲದ ಡೈಆಕ್ಸೈಡ್. 31 ಡಿಗ್ರಿ, 74 ಬಾರ್ ದಾಟಿದರೆ ಇಂಗಾಲದ ಡೈಆಕ್ಸೈಡ್ ದ್ರವದ ಸಾಂದ್ರತೆ, ಅನಿಲದ ಚುರುಕು ಎರಡನ್ನೂ ಪಡೆಯುತ್ತದೆ. 1990ರ ದಶಕದಿಂದ ಟೊರೊಂಟೊ, ಸಿಯಾಟಲ್ ನಗರಗಳ ವಿಶ್ವವಿದ್ಯಾಲಯಗಳ ತಂಡಗಳು ಇದನ್ನೇ ಹಿಡಿದು ಬೆಳೆಸಿದವು. ಕಾರಿನ ಡ್ಯಾಶ್‌ಬೋರ್ಡಿನಂಥ ಭಾಗಗಳಿಗೆ ಅದು ಬಂದಿದೆ.

ಇನ್ನೂ ಸಣ್ಣದಕ್ಕೆ ಹೋದರೆ ಭೌತಶಾಸ್ತ್ರವೇ ಬದಲಾಗುತ್ತದೆ. ಗಾಳಿಯ ಅಣು ಇನ್ನೊಂದು ಅಣುವಿಗೆ ಬಡಿಯುವ ಮುಂಚೆ ಸುಮಾರು 70 ನ್ಯಾನೋಮೀಟರ್ ಸಾಗುತ್ತದೆ. ಗುಳ್ಳೆಯೇ ಅಷ್ಟು ಕಿರಿದಾದರೆ ಅಣುಗಳು ಗೋಡೆಗೇ ಬಡಿಯುತ್ತಿರುತ್ತವೆ, ಶಾಖ ಸಾಗುವುದು ಕುಂಠಿತವಾಗುತ್ತದೆ. ಅಂದರೆ ವಿಶೇಷ ಅನಿಲವೇ ಬೇಡ, ಬರಿಯ ಗಾಳಿ ಸಾಕು. 1931ರಷ್ಟು ಹಿಂದೆ ಸ್ಯಾಮ್ಯುಯೆಲ್ ಕಿಸ್ಟ್ಲರ್ ಮಾಡಿದ ಏರೋಜೆಲ್‌ಗಳು ಇದನ್ನು ಈಗಾಗಲೇ ತೋರಿಸಿವೆ. ಸ್ಪೇನಿನ ವಯಾಡೊಲಿಡ್‌ನಂಥ ಕಡೆ ನಡೆದಿರುವ ನ್ಯಾನೋಗುಳ್ಳೆ ಅಕ್ರಿಲಿಕ್‌ನ ಕೆಲಸದಲ್ಲಿ ತೊಡಕು ಬೇರೆ: ಗುಳ್ಳೆ ಸಣ್ಣದಾಗಿಸಿದಾಗ ಸಾಂದ್ರತೆ ಸಾಕಷ್ಟು ಇಳಿಯುವುದಿಲ್ಲ, ಗಟ್ಟಿ ಭಾಗದ ಮೂಲಕ ಶಾಖ ಸಾಗಿಬಿಡುತ್ತದೆ. ಹಣಕಾಸಿನ ಅರ್ಜಿಗಳಲ್ಲಿ ಬರೆಯುವಷ್ಟು ಬೇಗ ಇದು ಕಟ್ಟಡದ ಗೋಡೆಗೆ ಬರುವುದು ಅನುಮಾನ.

ಅನಿಲವನ್ನು ಹುಟ್ಟಿಸುವ ಗೋಜೇ ಬೇಡ, ಸಿದ್ಧ ಗುಳ್ಳೆಗಳನ್ನೇ ಬೆರೆಸೋಣ ಎನ್ನುವ ಸಿಂಟ್ಯಾಕ್ಟಿಕ್ ಫೋಮ್‌ಗಳಲ್ಲಿ ಕರ್ನಾಟಕದ ಪಾಲು ಗಣನೀಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲಾಗಿ, ನಂತರ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಇದರ ಕೆಲಸ ಬೆಳೆಯಿತು. ಕಲ್ಲಿದ್ದಲು ಉರಿಸಿದ ಹಾರುಬೂದಿಯಲ್ಲಿ ಸೆನೋಸ್ಫಿಯರ್ ಎಂಬ ಪೊಳ್ಳು ಗೋಲಗಳು ಇರುತ್ತವೆ. ಸುರತ್ಕಲ್ಲಿನವರು ಅವನ್ನು ಪಾಲಿಎಥಿಲೀನ್‌ಗೆ ಸೇರಿಸಿ ಅಚ್ಚು ಹಾಕಿದರು, ಆಮೇಲೆ ಅದರಿಂದ ಎಳೆ ತೆಗೆದು ಮೂರು ಆಯಾಮದ ಮುದ್ರಣಕ್ಕೂ ಬಳಸಿದರು.

ಉಳಿದಿರುವ ಬಿಸಿ ವಿಷಯಗಳಲ್ಲಿ ಐಸೊಸಯನೇಟ್ ಇಲ್ಲದ ಪಾಲಿಯುರೆಥೇನ್ ಒಂದು. ಅದರಲ್ಲಿ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹುಟ್ಟುವ ಹಳೆಯ ದಾರಿ ಸಿಗದ ಕಾರಣ, ಅನಿಲಕ್ಕೆ ಬೇರೆ ಮೂಲ ಹುಡುಕುವುದೇ ಮುಖ್ಯ ತೊಡಕಾಗಿದೆ. ಹಳೆಯ ಫೋಮ್ ಮರುಬಳಕೆ ಇನ್ನೊಂದು. ಹಾಸಿಗೆಯ ಸ್ಪಂಜನ್ನು ಗ್ಲೈಕಾಲ್‌ನಲ್ಲಿ ಕರಗಿಸಿ ಪಾಲಿಯಾಲ್ ಮರಳಿ ಪಡೆಯುವುದು ಸಾಧ್ಯವಾಗಿದೆ. ಆದರೆ ಹಳೆಯ ಫ್ರಿಜ್ಜು ಬಂದರೆ ಅದರ ಗುಳ್ಳೆಗಳಲ್ಲಿ 1980ರ ದಶಕದ ಸಿಎಫ್‌ಸಿ-11 ಇನ್ನೂ ಕುಳಿತಿರಬಹುದು. ಗುಜರಿ ಅಂಗಡಿಯಲ್ಲಿ ಗೋಡೆ ಒಡೆದು ಕಬ್ಬಿಣ ಬೇರ್ಪಡಿಸುವಾಗ ಅದು ಗಾಳಿಗೆ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಪುಡಿ ಮಾಡಿ ಅನಿಲವನ್ನು ಹಿಡಿಯುವ ಯಂತ್ರಗಳು ಯುರೋಪಿನಲ್ಲಿ ಇವೆ. ಅಂಥ ಯಂತ್ರದ ಖರ್ಚನ್ನು ಯಾರು ಭರಿಸಬೇಕು ಎಂಬುದು ಇನ್ನೂ ಪಾಲಿಮರ್ ವಿಜ್ಞಾನದ ಪ್ರಶ್ನೆಪತ್ರಿಕೆಗೆ ಬಂದಿಲ್ಲ.