ಪ್ರಾಚೀನ ಲೋಹವಸ್ತುಗಳ ಗುರುತಿಸುವಿಕೆ ಮತ್ತು ಶುಚೀಕರಣ

ಪ್ರಾಚೀನ ಲೋಹವಸ್ತುಗಳ ಗುರುತಿಸುವಿಕೆ ಮತ್ತು ಶುಚೀಕರಣ ಎಂಬುದು ನೆಲ ಅಗೆಯುವಾಗ ಅಥವಾ ಲೋಹಶೋಧಕ ಯಂತ್ರದ ನೆರವಿನಿಂದ ದೊರೆತ ನಾಣ್ಯ, ಆಯುಧ, ಆಭರಣ, ಪಾತ್ರೆ ಮೊದಲಾದವುಗಳ ಕಾಲ ಮತ್ತು ಮೂಲವನ್ನು ನಿರ್ಧರಿಸಿ, ಹಾನಿಯಾಗದಂತೆ ಅವುಗಳ ಮಣ್ಣು ಮತ್ತು ಕಿಲುಬನ್ನು ತೆಗೆಯುವ ಕಾರ್ಯವಾಗಿದೆ. ಗುರುತಿಸುವ ಮೊದಲೇ ಉಜ್ಜಿ ತೊಳೆದರೆ ಗುರುತಿಸಲು ಬೇಕಾದ ಸಾಕ್ಷ್ಯವೇ ಅಳಿಯುತ್ತದೆ. ಆದ್ದರಿಂದ ಗುರುತಿಸುವಿಕೆ ಮೊದಲು, ಶುಚೀಕರಣ ನಂತರ ಎಂಬುದು ಇದರ ಮೂಲ ನಿಯಮ.

ಕರ್ನಾಟಕದ ಶೋಧಗಳು

ಕರ್ನಾಟಕದ ಹಲವು ಪ್ರಸಿದ್ಧ ಶೋಧಗಳು ಯಂತ್ರದಿಂದಲ್ಲ, ಆಕಸ್ಮಿಕವಾಗಿ ಆದವು. ಬೆಂಗಳೂರಿನ ವೈಯಾಲಿಕಾವಲ್ ಹಾಗೂ ಮಲ್ಲೇಶ್ವರಕ್ಕೆ ಸಮೀಪದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ಅದರಲ್ಲಿ ಆಗಸ್ಟಸ್, ಟೈಬೀರಿಯಸ್ ಮತ್ತು ಕ್ಲಾಡಿಯಸ್ ಚಕ್ರವರ್ತಿಗಳ ನಾಣ್ಯಗಳಿದ್ದವು. ನಾಣ್ಯಗಳ ಮೇಲಿನ ಮುಖಚಿತ್ರ ಮತ್ತು ಲ್ಯಾಟಿನ್ ಬರಹ ಉಳಿದಿದ್ದರಿಂದಲೇ ಅವುಗಳ ಕಾಲ ಕ್ರಿ.ಶ. ಒಂದನೆಯ ಶತಮಾನದ ಆಸುಪಾಸು ಎಂದು ತಿಳಿಯಲು ಸಾಧ್ಯವಾಯಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನಗಳಲ್ಲಿ ರೋಮನ್ ಮತ್ತು ಶಾತವಾಹನ ಕಾಲದ ನಾಣ್ಯಗಳು ದೊರೆತಿವೆ.

ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆಯಲಾಯಿತು. ಅಲ್ಲಿಯ ಮಣ್ಣಿಗಿದ್ದ ಸಿಡಿಮದ್ದಿನ ವಾಸನೆಯೇ ಒಂದು ಸುಳಿವಾಗಿತ್ತು. ವಸ್ತುವಿನಂತೆಯೇ ಅದಕ್ಕೆ ಅಂಟಿದ ಮಣ್ಣೂ ಸಾಕ್ಷ್ಯವೆಂಬುದಕ್ಕೆ ಇದು ಉದಾಹರಣೆ.

ಗುರುತಿಸುವ ವಿಧಾನ

ವಸ್ತು ದೊರೆತ ಸ್ಥಳ, ಆಳ ಮತ್ತು ಜೊತೆಗಿದ್ದ ಮಡಕೆಚೂರು ಮುಂತಾದವನ್ನು ಮೊದಲು ದಾಖಲಿಸಿ, ಛಾಯಾಚಿತ್ರ ತೆಗೆಯಲಾಗುತ್ತದೆ. ಬಳಿಕ ತೂಕ, ವ್ಯಾಸ, ಲೋಹ, ಚಿತ್ರ ಮತ್ತು ಲಿಪಿಯನ್ನು ಪರಿಶೀಲಿಸಲಾಗುತ್ತದೆ. ಕೆಲವು ಸಾಮಾನ್ಯ ಗುರುತುಗಳು ಹೀಗಿವೆ:

• ಕಂಠೀರವ ಹಣ: ಮೈಸೂರಿನ ಕಂಠೀರವ ನರಸರಾಜ ಒಡೆಯರ ಹೆಸರಿನ ಅತಿ ಚಿಕ್ಕ ಚಿನ್ನದ ನಾಣ್ಯ, ನರಸಿಂಹನ ಚಿತ್ರವಿದೆ.
• ಟಿಪ್ಪು ಸುಲ್ತಾನನ ತಾಮ್ರದ ನಾಣ್ಯ: ಒಂದು ಬದಿಯಲ್ಲಿ ಆನೆಯ ಚಿತ್ರವಿದೆ. 1787ರ ನಂತರದವುಗಳಲ್ಲಿ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.
• ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು: ಆನೆ ಅಥವಾ ಸಿಂಹದ ಚಿತ್ರವಿದ್ದು, ಹಲವುಗಳಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವಿದೆ.

ಆನೆಯ ಚಿತ್ರವೊಂದನ್ನೇ ನೋಡಿ ನಾಣ್ಯ ಯಾರದೆಂದು ಹೇಳಲಾಗದು. ಅಂಕಿ ಮತ್ತು ಅಕ್ಷರಗಳೇ ನಿರ್ಣಾಯಕ. ಉಜ್ಜಿದಾಗ ಮೊದಲು ಸವೆಯುವವೂ ಅವೇ.

ಶುಚೀಕರಣ

ಮನೆಗಳಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು, ನಿಂಬೆರಸ ಅಥವಾ ಬೂದಿಯಿಂದ ತಿಕ್ಕುವ ರೂಢಿಯಿದೆ. ದಿನಬಳಕೆಯ ಪಾತ್ರೆಗೆ ಸಲ್ಲುವ ಈ ಕ್ರಮ ಪ್ರಾಚೀನ ವಸ್ತುವಿಗೆ ಸಲ್ಲದು. ಹುಳಿಯ ಆಮ್ಲವು ಕಿಲುಬಿನ ಪದರವನ್ನು ಕರಗಿಸುತ್ತದೆ. ಬಹುಕಾಲ ಮಣ್ಣಿನಲ್ಲಿದ್ದ ನಾಣ್ಯದ ಅಕ್ಷರಗಳು ಹಲವು ವೇಳೆ ಲೋಹದಲ್ಲಿ ಉಳಿಯದೆ ಆ ಪದರದಲ್ಲಿಯೇ ಉಳಿದಿರುತ್ತವೆ; ಪದರ ಹೋದರೆ ಬರಹವೂ ಹೋಗುತ್ತದೆ.

• ಚಿನ್ನ: ಕಿಲುಬು ಹಿಡಿಯದು, ಆದರೆ ಮೃದುವಾದ್ದರಿಂದ ಗೀರು ಬೀಳುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿದರೆ ಸಾಕು.
• ಬೆಳ್ಳಿ: ಗಂಧಕದ ಸಂಯುಕ್ತಗಳಿಂದ ಕಪ್ಪಾಗುತ್ತದೆ. ಹೊಳಪು ಬರಿಸುವ ಪುಡಿಗಳು ಮೇಲ್ಮೈಯನ್ನು ಸವೆಸುತ್ತವೆ.
• ತಾಮ್ರ ಮತ್ತು ಕಂಚು: ಗಟ್ಟಿಯಾದ, ನಯವಾದ ಹಸಿರು ಪದರವನ್ನು ಹಾಗೆಯೇ ಬಿಡಬೇಕು. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನಿಂದ ಉಂಟಾಗುವ ‘ಕಂಚಿನ ರೋಗ’. ವಸ್ತುವನ್ನು ಒಣಗಿದ ಡಬ್ಬಿಯಲ್ಲಿ ಪ್ರತ್ಯೇಕವಾಗಿರಿಸಿ ತಜ್ಞರಿಗೆ ಒಪ್ಪಿಸಬೇಕು.
• ಕಬ್ಬಿಣ: ತುಕ್ಕಿನ ಒಳಗಿನ ಆಕಾರವನ್ನು ಪ್ರಯೋಗಾಲಯದಲ್ಲಿ ಕ್ಷಕಿರಣದಿಂದ ತಿಳಿಯಬಹುದು. ಸುತ್ತಿಗೆಯಿಂದ ತುಕ್ಕು ಒಡೆಯಬಾರದು.
• ಸೀಸ: ಆಮ್ಲದ ಆವಿಗೂ ಹಾಳಾಗುವುದರಿಂದ ಮರದ ಪೆಟ್ಟಿಗೆಯಲ್ಲಿ ಇಡಬಾರದು. ವಿಷಕಾರಿಯಾದ್ದರಿಂದ ಕೈಗವಸು ಅಗತ್ಯ.

ಸಡಿಲವಾದ ಮಣ್ಣನ್ನು ಮೃದುವಾದ ಕುಂಚದಿಂದ ತೆಗೆಯುವುದಷ್ಟೇ ಸಾಮಾನ್ಯರಿಗೆ ಸುರಕ್ಷಿತ. ಮದ್ದುಗುಂಡಿನಂತೆ ಕಾಣುವ ವಸ್ತುವನ್ನು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.

ಕಾನೂನು

1878ರ ಭಾರತೀಯ ನಿಧಿ ಕಾಯಿದೆಯು ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆಯೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯು ಸಾಮಾನ್ಯವಾಗಿ ನೂರು ವರ್ಷಕ್ಕೂ ಹಳೆಯ ನಾಣ್ಯ, ಶಿಲ್ಪ ಮೊದಲಾದವನ್ನು ಪ್ರಾಚ್ಯವಸ್ತುಗಳೆಂದು ಪರಿಗಣಿಸಿ, ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ.